ಜೇತವನದಲ್ಲಿ ಜೀತ

ಸಂಜೆ ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಕ್ಯೋಟೋದ ಗಿಯೋನ್‌ನಲ್ಲಿ, ಹನಾಮಿಕೋಜಿ ಅನ್ನೋ ಬೀದಿಯ ಪಕ್ಕದ ಗಲ್ಲಿಯೊಂದರಿಂದ ಆ ಹುಡುಗಿ ಹೊರಬಂದಳು. ಬಿಳಿ ಬಳಿದ ಮುಖ, ಕೆಂಪು ತುಟಿ, ಬೆನ್ನಿನಿಂದ ಹೆಚ್ಚುಕಡಿಮೆ ಹಿಮ್ಮಡಿಯವರೆಗೂ ಇಳಿಬಿದ್ದ ರೇಷ್ಮೆಯ ನಡುಪಟ್ಟಿ, ಕಾಲಿಗೆ ಎತ್ತರದ ಮರದ ಪಾದರಕ್ಷೆ. ನಮ್ಮತ್ತ ಕಣ್ಣೆತ್ತಿಯೂ ನೋಡದೆ, ಆಫೀಸಿಗೆ ಲೇಟಾದವರ ಹಾಗೆ ಬಿರಬಿರನೆ ನಡೆದಳು. ನಾನು ಯೋಚನೆಯನ್ನೇ ಮಾಡದೆ ಮೊಬೈಲ್ ಎತ್ತಿದೆ.

‘ಅಮ್ಮಾ, ಬೋರ್ಡ್ ನೋಡು,’ ಅಂದಳು ಮಗಳು.

ಗಲ್ಲಿಯ ಬಾಯಲ್ಲೇ ಬೋರ್ಡ್ ಇತ್ತು. 2019ರಲ್ಲಿ ಇಲ್ಲಿನ ಸ್ಥಳೀಯರೇ ಸೇರಿ ಹಾಕಿಸಲು ಶುರುಮಾಡಿದ್ದು. ಖಾಸಗಿ ಗಲ್ಲಿಯಲ್ಲಿ ಫೋಟೊ ತೆಗೆದರೆ 10,000 ಯೆನ್ ದಂಡ. ನಮ್ಮ ಲೆಕ್ಕದಲ್ಲಿ ಸುಮಾರು ಐದೂವರೆ ಸಾವಿರ ರೂಪಾಯಿ. ನಾನು ಮೊಬೈಲ್ ಇಳಿಸಿದೆ. ಸಂಸ್ಕಾರದಿಂದ ಅಂತ ಬರೆಯಬಹುದಿತ್ತು, ನಿಜ ಹೇಳಬೇಕೆಂದರೆ ದಂಡದ ಭಯದಿಂದ. ಅಷ್ಟರಲ್ಲಿ ಆಕೆ ಯಾವುದೋ ಮನೆಯ ಜಾರುಬಾಗಿಲೊಳಗೆ ಮಾಯವಾಗಿದ್ದಳು. ಆ ಬಾಗಿಲನ್ನೇ ನೋಡುತ್ತಾ ಮಗಳು ಕೇಳಿದಳು: ‘ಇವರೆಲ್ಲ ಇಷ್ಟಪಟ್ಟು ಬಂದಿರೋದಾ, ಇಲ್ಲ ಯಾರಾದ್ರೂ ತಂದು ಬಿಟ್ಟಿರೋದಾ?’

ಹನ್ನೊಂದು ವರ್ಷದ ಹುಡುಗಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಹೋಟೆಲಿಗೆ ಹೋದ್ಮೇಲೆ ಹೇಳ್ತೀನಿ’ ಅಂದೆ. ಇದನ್ನು ಬರೆಯೋಕೆ ಕೂತಿರುವುದು ಆ ಉತ್ತರ ಹುಡುಕಿದ ಕಥೆ ಹೇಳೋಕೆ.

2024ರ ಏಪ್ರಿಲ್‌ನಲ್ಲಿ ನಾವು ನಾಲ್ಕು ಜನ ಜಪಾನಿಗೆ ಹೋಗಿದ್ದೆವು. ನಾನು, ನನ್ನ ಗಂಡ, ಮಗಳು, ಮತ್ತು ಅರವತ್ತೆಂಟು ವರ್ಷದ ನನ್ನ ಅಮ್ಮ. ಗಿಯೋನ್ ಪಟ್ಟಿಗೆ ಸೇರಿದ್ದು ಮಗಳ ಹಟದಿಂದ. ನೆಟ್‌ಫ್ಲಿಕ್ಸಿನಲ್ಲಿ 2023ರಲ್ಲಿ ಬಂದ ‘ದಿ ಮಕನಾಯ್’ ಸರಣಿಯನ್ನು ಅವಳು ಎರಡು ಸಲ ನೋಡಿದ್ದಾಳೆ. ಗೇಶಾ ಆಗೋಕೆ ಕಲಿಯುವ ಹುಡುಗಿಯರ ಮನೆಯಲ್ಲಿ ಅಡುಗೆ ಮಾಡುವ ಒಬ್ಬ ಹುಡುಗಿಯ ಕಥೆ ಅದು. ಗಂಡ ಮಾತ್ರ ಸ್ವಲ್ಪ ಹಿಂದೇಟು ಹಾಕಿದ್ದ. ‘ಅತ್ತೇನ ಗೇಶಾ ಬೀದಿಗೆ ಕರ್ಕೊಂಡು ಹೋಗೋದಾ? ಏನಂತ ಹೇಳ್ತೀಯ ಅವರಿಗೆ?’

ಏನಂತ ಹೇಳೋದು? ನಮ್ಮೆಲ್ಲರ ಬಳಿ ಎರಡು ರೆಡಿಮೇಡ್ ಉತ್ತರಗಳಿವೆ. ಒಂದು ಕಿವಿಯಲ್ಲಿ ಪಿಸುಗುಟ್ಟುವ ಉತ್ತರ. ಅದನ್ನಿಲ್ಲಿ ಬರೆಯಬೇಕಾಗಿಲ್ಲ. ಇನ್ನೊಂದು ಗೈಡ್‌ಬುಕ್ಕಿನ ಉತ್ತರ: ‘ಗೇಶಾ ಅಂದ್ರೆ ವೇಶ್ಯೆ ಅಲ್ಲ, ಕಲಾವಿದೆ.’ ಎರಡನೆಯದು ಪದದ ಅರ್ಥದ ಮಟ್ಟಿಗೆ ಸರಿ. ‘ಗೇ’ ಅಂದರೆ ಕಲೆ, ‘ಶಾ’ ಅಂದರೆ ವ್ಯಕ್ತಿ. ಹದಿನೆಂಟನೇ ಶತಮಾನದಲ್ಲಿ ಈ ಹೆಸರು ಹೊತ್ತ ಮೊದಲಿಗರು ಗಂಡಸರು; ಕೂಟಗಳಲ್ಲಿ ಹಾಡಿ, ಬಾರಿಸಿ, ನಗಿಸುತ್ತಿದ್ದವರು. ಹೆಂಗಸರು ಬಂದದ್ದು ಆಮೇಲೆ. ಕ್ಯೋಟೋದಲ್ಲಿ ಇವರನ್ನು ಗೇಶಾ ಅನ್ನುವುದೂ ಇಲ್ಲ. ಪೂರ್ಣ ಕಲಿತವಳು ‘ಗೇಕೊ’, ಕಲಿಯುತ್ತಿರುವ ಹುಡುಗಿ ‘ಮೈಕೊ’. ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯ, ನೃತ್ಯ, ಹಾಡು, ಚಹಾ ವಿಧಿ, ಇವೆಲ್ಲವನ್ನೂ ವರ್ಷಗಟ್ಟಲೆ ಕಲಿಯುತ್ತಾರೆ. ಎಲ್ಲ ಸರಿ. ಆದರೆ ಮಗಳು ಕೇಳಿದ್ದು ಅವರು ಏನು ಮಾಡುತ್ತಾರೆ ಅಂತಲ್ಲ. ಹೇಗೆ ಬಂದರು ಅಂತ. ಎರಡೂ ಉತ್ತರಗಳು ಆ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಮೊದಲು ಹೆಸರಿನ ವಿಷಯ. ಗಿಯೋನ್ ಅನ್ನುವುದು ನಮ್ಮ ಜೇತವನದ ಜಪಾನಿ ರೂಪ. ಹೌದು, ಶ್ರಾವಸ್ತಿಯ ಜೇತವನವೇ. ಜೇತ ಎಂಬ ರಾಜಕುಮಾರನ ತೋಟವನ್ನು ಬುದ್ಧನಿಗೆ ಕೊಡಬೇಕೆಂದು ಅನಾಥಪಿಂಡಿಕ ಕೊಳ್ಳಹೊರಟಾಗ, ‘ನೆಲದ ತುಂಬ ಚಿನ್ನದ ನಾಣ್ಯ ಹಾಸು’ ಅಂದನಂತೆ ಜೇತ. ಆ ಸಾಹುಕಾರ ಗಾಡಿಗಳಲ್ಲಿ ನಾಣ್ಯ ತರಿಸಿ ಹಾಸಿಯೇಬಿಟ್ಟ. ಬೌದ್ಧ ಧರ್ಮದ ಜೊತೆ ಈ ಹೆಸರು ಚೀನಾ ದಾಟಿ ಜಪಾನಿಗೆ ಬಂತು. ಕ್ಯೋಟೋದ ಪೂರ್ವದಲ್ಲಿದ್ದ ದೇಗುಲದ ದೇವರು ಜೇತವನದ ಕಾವಲುಗಾರ ಎಂಬ ನಂಬಿಕೆಯಿಂದ ಆ ದೇಗುಲವೂ, ಅದರ ಸುತ್ತಲಿನ ಕೇರಿಯೂ ಗಿಯೋನ್ ಅನಿಸಿಕೊಂಡವು. 1868ರಲ್ಲಿ ಹೊಸ ಮೇಜಿ ಸರ್ಕಾರ ಶಿಂಟೋ ಬೇರೆ, ಬೌದ್ಧ ಬೇರೆ ಎಂದು ಗೆರೆ ಎಳೆದಾಗ ದೇಗುಲದ ಹೆಸರು ಯಾಸಕ ಆಯಿತು. ಕೇರಿಯ ಹೆಸರು ಹಾಗೇ ಉಳಿಯಿತು.

ಇದನ್ನು ಹೇಳಿದಾಗ ಅಮ್ಮನಿಗೆ ಖುಷಿಯೋ ಖುಷಿ. ‘ಹಾಗಾದ್ರೆ ನಾವು ನಮ್ಮೂರಿಗೇ ಬಂದಂಗಾಯ್ತು’ ಅಂದಳು.

ದೇಗುಲಕ್ಕೆ ಬರುವ ಯಾತ್ರಿಕರಿಗೆ ಚಹಾ ಕೊಡುವ ಅಂಗಡಿಗಳು ಹದಿನೇಳನೇ ಶತಮಾನದಲ್ಲಿ ಇಲ್ಲಿ ಬೆಳೆದವು. ಚಹಾದ ಜೊತೆ ತಿಂಡಿ, ಆಮೇಲೆ ಸಾಕೆ, ಆಮೇಲೆ ಹಾಡು, ಕುಣಿತ. ಹೀಗೆ ಹುಟ್ಟಿದ್ದು ‘ಒಚಾಯಾ’, ಅಂದರೆ ಚಹಾಮನೆ. ಇವತ್ತು ಅಲ್ಲಿ ಚಹಾ ಕುಡಿಯೋಕೆ ಯಾರೂ ಹೋಗುವುದಿಲ್ಲ. ಗೇಕೊ, ಮೈಕೊಗಳನ್ನು ಕರೆಸಿ ಕೂಟ ನಡೆಸುವ ಮನೆ ಅದು. ಹನಾಮಿಕೋಜಿಯ ಮೂಲೆಯಲ್ಲಿ ಕೆಮ್ಮಣ್ಣಿನ ಬಣ್ಣದ ಗೋಡೆಯ ‘ಇಚಿರಿಕಿ’ ಇವುಗಳಲ್ಲೆಲ್ಲ ಹೆಸರುವಾಸಿ. ಗಂಡ ಅದರ ಮುಂದೆ ನಿಂತು ಫೋನಿನಲ್ಲಿ ಬುಕಿಂಗ್ ಹುಡುಕಿದ. ಸಿಗಲಿಲ್ಲ, ಸಿಗುವುದೂ ಇಲ್ಲ. ಇಂಥ ಮನೆಗಳ ಹಳೆಯ ನಿಯಮ, ಮೊದಲ ಸಲ ಬಂದವರಿಗೆ ಪ್ರವೇಶ ಇಲ್ಲ. ಹಳೆಯ ಗಿರಾಕಿಯೊಬ್ಬರು ಪರಿಚಯ ಮಾಡಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರೆಫರಲ್ ಇಲ್ಲದೆ ಇಂಟರ್‌ವ್ಯೂನೂ ಇಲ್ಲ.

ಇದನ್ನು ಬರೀ ಗತ್ತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದರ ಹಿಂದೆ ಒಂದು ಲೆಕ್ಕ ಇದೆ. ಕೂಟದ ದಿನ ಗಿರಾಕಿ ಜೇಬಿಗೆ ಕೈ ಹಾಕುವುದೇ ಇಲ್ಲ. ಹೊರಗಿನಿಂದ ತರಿಸಿದ ಊಟ, ಗೇಕೊಗಳ ಸಂಭಾವನೆ, ಮನೆಗೆ ಹೋಗುವ ಟ್ಯಾಕ್ಸಿ, ಎಲ್ಲಕ್ಕೂ ಚಹಾಮನೆಯೇ ಕೊಟ್ಟು, ಆಮೇಲೆ ಬಿಲ್ ಕಳಿಸುತ್ತದೆ. ಗುರುತು ಪರಿಚಯ ಇಲ್ಲದವನಿಗೆ ಯಾರು ತಾನೇ ಇಷ್ಟು ಸಾಲ ಕೊಡುತ್ತಾರೆ? ಹಿಂದೆ ಗೇಕೊಳ ಸಮಯವನ್ನು ಊದುಕಡ್ಡಿಯಲ್ಲಿ ಅಳೆಯುತ್ತಿದ್ದರು. ಎಷ್ಟು ಕಡ್ಡಿ ಉರಿದು ಮುಗಿಯಿತೋ ಅಷ್ಟು ದುಡ್ಡು.

ಅಂದರೆ ಈ ಬೀದಿ ನಿಂತಿದ್ದೇ ಸಾಲದ ಪುಸ್ತಕದ ಮೇಲೆ. ಆ ಪುಸ್ತಕದಲ್ಲಿ ಗಿರಾಕಿಯ ಸಾಲ ಒಂದು ಪುಟವಾದರೆ ಹುಡುಗಿಯ ಸಾಲ ಇನ್ನೊಂದು ಪುಟ. ಬಡ ಮನೆಯ ಅಪ್ಪ ಅಮ್ಮನಿಗೆ ಮುಂಗಡ ಹಣ ಕೊಟ್ಟು ಎಳೆಯ ಹುಡುಗಿಯನ್ನು ಕರೆತರುವುದು, ಆಮೇಲೆ ಅವಳ ಊಟ, ಕಿಮೋನೊ, ಪಾಠದ ಖರ್ಚನ್ನೂ ಅವಳ ಹೆಸರಿಗೇ ಬರೆಯುತ್ತಾ ಹೋಗುವುದು. ಗಿರಾಕಿಗೆ ಸಾಲ ಸಿಕ್ಕರೆ ಅದು ಅವನ ಮರ್ಯಾದೆ. ಹುಡುಗಿಯ ಹೆಸರಿಗೆ ಬಂದರೆ ಅದು ಜೀತ. ಜೇತವನದಲ್ಲಿ ಜೀತ.

ಇದು ಗುಟ್ಟೇನೂ ಆಗಿರಲಿಲ್ಲ. ನಲವತ್ತೇಳು ಸಮುರಾಯ್‌ಗಳು ತಮ್ಮ ಒಡೆಯನಿಗಾಗಿ ಸೇಡು ತೀರಿಸಿಕೊಂಡ ಕಥೆ ಜಪಾನಿನಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಆಧರಿಸಿದ 1748ರ ‘ಚೂಶಿಂಗುರ’ ನಾಟಕದ ಏಳನೇ ಅಂಕ ನಡೆಯುವುದು ಇದೇ ಗಿಯೋನ್‌ನ ಚಹಾಮನೆಯಲ್ಲಿ. ಸೇಡಿನ ಕೆಲಸಕ್ಕೆ ಗಂಡನಿಗೆ ಹಣ ಬೇಕಾಗುತ್ತದೆ, ಅದನ್ನು ಒದಗಿಸಲು ಓಕರು ಎಂಬ ಹೆಣ್ಣನ್ನು ಇಲ್ಲಿಗೆ ಮಾರಿರುತ್ತಾರೆ. ವೀರರ ಕಥೆ ಅಂತ ನೋಡುವವರಿಗೆ ಅವಳು ಪಕ್ಕದ ಪಾತ್ರ. ನಾನು ಮಗಳ ಪ್ರಶ್ನೆ ಹಿಡಿದು ಓದಿದ್ದರಿಂದಲೋ ಏನೋ, ನನಗೆ ಅವಳೇ ಕಂಡಳು.

ಈ ಪುಸ್ತಕವನ್ನು ಅಲ್ಲಾಡಿಸಿದ್ದು ಒಂದು ಹಡಗು. 1872ರ ಬೇಸಿಗೆಯಲ್ಲಿ ‘ಮರಿಯಾ ಲುಸ್’ ಎಂಬ ಪೆರು ದೇಶದ ಹಡಗು ಯೊಕೊಹಾಮಾ ಬಂದರಿಗೆ ಬಂತು. ಒಳಗೆ ಇನ್ನೂರಕ್ಕೂ ಹೆಚ್ಚು ಚೀನೀ ಕೂಲಿಗಳು. ಒಬ್ಬ ಸಮುದ್ರಕ್ಕೆ ಹಾರಿ ತಪ್ಪಿಸಿಕೊಂಡ. ವಿಷಯ ಕೋರ್ಟಿಗೆ ಹೋಯಿತು. ಇದು ಗುಲಾಮಗಿರಿ ಎಂದು ಜಪಾನೀಯರು ಹೇಳಿದಾಗ ಹಡಗಿನ ಕಡೆಯ ವಕೀಲ ತಿರುಗಿ ಕೇಳಿದ: ನಿಮ್ಮ ದೇಶದಲ್ಲೇ ಹೆಣ್ಣುಮಕ್ಕಳನ್ನು ಕರಾರು ಬರೆದು ಮಾರುತ್ತೀರಲ್ಲ, ಅದೇನು? ಜಪಾನಿಗೆ ಉತ್ತರ ಕೊಡುವುದು ಕಷ್ಟವಾಯಿತು. ಕೂಲಿಗಳನ್ನು ಬಿಡಿಸಿದರು. ಅದೇ ವರ್ಷ ನವೆಂಬರ್ 2ರಂದು ವೇಶ್ಯೆಯರು ಮತ್ತು ಗೇಶಾಗಳು, ಇಬ್ಬರನ್ನೂ ಕರಾರಿನಿಂದ ಬಿಡುಗಡೆ ಮಾಡುವ ಆದೇಶ ಹೊರಟಿತು.

ಒಂದು ವಾರದ ನಂತರ ನ್ಯಾಯ ಇಲಾಖೆಯ ಇನ್ನೊಂದು ಆದೇಶ ಬಂತು. ಅದರ ವಾದ ಓದಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಈ ಹೆಣ್ಣುಮಕ್ಕಳು ಮನುಷ್ಯರ ಹಕ್ಕು ಕಳೆದುಕೊಂಡು ದನ, ಕುದುರೆಗಳ ಹಾಗಾಗಿದ್ದಾರೆ; ದನ, ಕುದುರೆಗಳ ಹತ್ತಿರ ಯಾರೂ ಸಾಲ ವಾಪಸ್ ಕೇಳುವುದಿಲ್ಲ; ಆದ್ದರಿಂದ ಇವರ ಹತ್ತಿರವೂ ಕೇಳುವಂತಿಲ್ಲ. ದನ ಅಂತ ಕರೆದು ಬಿಡಿಸಿದ್ದು! ಆದರೂ ಆ ಸಾಲಿನಿಂದ ಸಾಲ ಮನ್ನಾ ಆಯಿತು ಅನ್ನುವುದೂ ನಿಜ. ಬಿಡುಗಡೆ ಪೂರ್ತಿಯಾಗಿ ಉಳಿಯಲಿಲ್ಲ. ಹೆಣ್ಣು ‘ಸ್ವಂತ ಇಚ್ಛೆಯಿಂದ’ ಕೆಲಸ ಮಾಡುತ್ತಾಳೆ, ಮಾಲೀಕರು ಕೋಣೆ ಬಾಡಿಗೆಗೆ ಕೊಡುತ್ತಾರೆ ಅಷ್ಟೇ ಎಂಬ ಹೊಸ ಬರಹದಡಿ ವೇಶ್ಯಾವಾಟಿಕೆಗಳು ನಡೆದವು, ಮುಂಗಡ ಸಾಲವೂ ಹಿಂದಿನ ಬಾಗಿಲಿಂದ ವಾಪಸ್ ಬಂತು.

ಕ್ಯೋಟೋದಲ್ಲಿ ಆ ವರ್ಷ ಇನ್ನೊಂದೂ ನಡೆಯಿತು. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೊರಟುಹೋಗಿದ್ದರು. ಸಾವಿರ ವರ್ಷದ ರಾಜಧಾನಿ ಬಣಗುಟ್ಟುತ್ತಿತ್ತು. ಊರಿಗೆ ಜೀವ ತುಂಬಲು 1872ರ ವಸಂತದಲ್ಲಿ ದೊಡ್ಡ ವಸ್ತುಪ್ರದರ್ಶನ ಏರ್ಪಡಿಸಿದರು. ಅದರ ಜೊತೆಗೆ ಏನಾದರೂ ಆಕರ್ಷಣೆ ಬೇಕಲ್ಲ? ಆಡಳಿತ ನೋಡುತ್ತಿದ್ದ ಮಾಕಿಮುರಾ ಮಸನಾವೊ, ಇಚಿರಿಕಿಯ ಮಾಲೀಕ ಮತ್ತು ಇನೋವೆ ಯಾಚಿಯೊ ಎಂಬ ನೃತ್ಯಗುರು ಸೇರಿ ಹೊಸದೊಂದನ್ನು ಮಾಡಿದರು. ಅಲ್ಲಿಯವರೆಗೆ ಮುಚ್ಚಿದ ಕೋಣೆಯಲ್ಲಿ ನಾಲ್ಕಾರು ಗಿರಾಕಿಗಳ ಮುಂದೆ ಕುಣಿಯುತ್ತಿದ್ದವರು ಸಾಲುಗಟ್ಟಿ ವೇದಿಕೆಗೆ ಬಂದರು. ಟಿಕೆಟ್ ಕೊಂಡ ಯಾರು ಬೇಕಾದರೂ ನೋಡಬಹುದು, ಪರಿಚಯ ಬೇಡ. ಅದೇ ‘ಮಿಯಾಕೊ ಒದೊರಿ’, ರಾಜಧಾನಿಯ ನೃತ್ಯ. ಇವತ್ತಿಗೂ ಏಪ್ರಿಲ್ ತಿಂಗಳಲ್ಲಿ ನಡೆಯುತ್ತದೆ. ನಾವು ಹೋದ ವರ್ಷದ್ದು 150ನೆಯದು.

ಬಿಡುಗಡೆಯ ಆದೇಶದ ನಂತರ ಈ ಹೆಣ್ಣುಮಕ್ಕಳಿಗಾಗಿ ಕ್ಯೋಟೋದಲ್ಲಿ ಶಾಲೆಗಳೂ ಶುರುವಾದವು. ಹೊಲಿಗೆ, ನೇಯ್ಗೆ, ಓದು ಬರಹ ಕಲಿಸಿ ಬೇರೆ ದಾರಿ ತೋರಿಸುವುದು ಆಗಿನ ಉದ್ದೇಶ. ಗಿಯೋನ್‌ನ ಆ ಶಾಲೆ ‘ಯಾಸಕ ನ್ಯೋಕೊಬಾ’ ಎಂಬ ಹೆಸರಲ್ಲಿ ಈಗಲೂ ಇದೆ. ಆದರೆ ಈಗ ಅಲ್ಲಿ ಕಲಿಸುವುದು ನೃತ್ಯ, ಶಾಮಿಸೆನ್, ಚಹಾ ವಿಧಿ. ಹದಿನಾರರ ಮೈಕೊಯಿಂದ ಹಿಡಿದು ಹಿರಿಯ ಗೇಕೊವರೆಗೆ ಎಲ್ಲರೂ ಅಲ್ಲಿ ವಿದ್ಯಾರ್ಥಿನಿಯರೇ.

ಬೀದಿಯ ಘಟನೆಯ ಮರುದಿನ ಮಧ್ಯಾಹ್ನ ನಾವು ಮಿಯಾಕೊ ಒದೊರಿಗೆ ಹೋದೆವು. ಮೊದಲು ಚಹಾ. ಚಹಾದ ಜೊತೆ ಸಿಹಿ ಕೊಟ್ಟ ಪುಟ್ಟ ತಟ್ಟೆಯನ್ನು ಮನೆಗೆ ಒಯ್ಯಬಹುದು ಅಂದಾಗ ಅಮ್ಮ ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿಕೊಂಡಳು. ಒಳಗೆ ದೀಪ ಆರಿತು. ಎರಡೂ ಬದಿಯ ಕಾಲುದಾರಿಗಳಿಂದ ನೀಲಿ ಕಿಮೋನೊದ ಹುಡುಗಿಯರು ಸಾಲಾಗಿ ಬಂದರು. ಒಂದು ಗಂಟೆಯಲ್ಲಿ ನಾಲ್ಕು ಋತು ಕಳೆದು, ಕೊನೆಗೆ ಇಡೀ ವೇದಿಕೆ ಚೆರ್ರಿ ಹೂವಾಯಿತು. ನನಗೆ ಭಾಷೆ ಅರ್ಥವಾಗಲಿಲ್ಲ, ತಾಳವೂ ಪೂರ್ತಿ ಹಿಡಿಯಲಿಲ್ಲ. ಪಕ್ಕಕ್ಕೆ ತಿರುಗಿದರೆ ಅಮ್ಮ ಅಳುತ್ತಿದ್ದಳು.

ಹೊರಗೆ ಬಂದ ಮೇಲೆ ಮಗಳು ಕೇಳಿದಳು. ‘ಅಜ್ಜಿ, ಯಾಕೆ ಅಳ್ತಿದ್ದೆ?’

‘ಏನಿಲ್ಲ ಪುಟ್ಟಾ. ನಂಗೂ ಕಲೀಬೇಕು ಅಂತಿತ್ತು. ಒಂಬತ್ತು ವರ್ಷ ನಂಗೆ. ಅಪ್ಪನ್ನ ಕೇಳ್ದೆ. ಕುಣಿಯೋದು ಮರ್ಯಾದಸ್ತರ ಮನೆ ಹೆಣ್ಮಕ್ಕಳ ಕೆಲಸ ಅಲ್ಲ ಅಂದ್ರು. ಅಷ್ಟೇ, ಇನ್ನೊಂದು ಸಲ ಕೇಳ್ಲಿಲ್ಲ.’

ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ ನಂಜನಗೂಡಿನವಳು. ಅವಳಿಗೆ ಒಂಬತ್ತು ಅಂದರೆ 1965. ‘ಮರ್ಯಾದಸ್ತರ ಮನೆ’ ಅನ್ನುವ ಮಾತಿನ ಹಿಂದೆ ಏನಿತ್ತು ಅಂತ ಅಮ್ಮನಿಗೆ ಆಗ ಗೊತ್ತಿರಲಿಲ್ಲ, ತಾತನಿಗೆ ಗೊತ್ತಿತ್ತು. 1909ರಲ್ಲಿ ಮೈಸೂರು ಸಂಸ್ಥಾನ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅದರ ಹಿಂದೆ ಶೋಷಣೆ ತಪ್ಪಿಸುವ ಕಾಳಜಿ ಇತ್ತು, ಶೋಷಣೆ ನಿಜವಾಗಿಯೂ ಇತ್ತು. ಆದರೆ ಕಳಂಕ ಅಂಟಿದ್ದು ಶೋಷಿಸಿದವರಿಗಲ್ಲ, ಕುಣಿತಕ್ಕೆ ಮತ್ತು ಕುಣಿದವರಿಗೆ. ಇದೇ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ದೇವದಾಸಿ, ಬೆಂಗಳೂರು ನಾಗರತ್ನಮ್ಮ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಆ ಊರಿನ ಹುಡುಗಿಗೆ ಗೆಜ್ಜೆ ಕಟ್ಟುವ ಆಸೆ ಬಂದರೆ ಬಾಯಿ ಮುಚ್ಚಿಸಿದರು. ಇನ್ನೂ ಒಂದು ತಮಾಷೆ ಕೇಳಿ. ಅಮ್ಮ ತಾತನನ್ನು ಕೇಳಿದ ಅದೇ 1965ರಲ್ಲಿ, ನಂಜನಗೂಡಿನಿಂದ ಇಪ್ಪತ್ತೈದು ಕಿಲೋಮೀಟರೂ ಇಲ್ಲದ ಮೈಸೂರಿನಲ್ಲಿ, ಅರಮನೆಯ ನರ್ತಕಿಯಾಗಿದ್ದ ಕೆ. ವೆಂಕಟಲಕ್ಷಮ್ಮನವರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಲು ಶುರುಮಾಡಿದ್ದರು.

ಕ್ಯೋಟೋ ಸರಿ ಮಾಡಿತು, ಮೈಸೂರು ತಪ್ಪು ಮಾಡಿತು ಅಂತ ತೀರ್ಪು ಕೊಡೋದು ಸುಲಭ. ಅದೂ ಅರ್ಧ ಸತ್ಯವೇ. ವೇದಿಕೆ ಸಿಕ್ಕಿದ ಮಾತ್ರಕ್ಕೆ ಗಿಯೋನ್‌ನ ಸಾಲದ ಪುಸ್ತಕ ಮುಚ್ಚಲಿಲ್ಲ. ಅದನ್ನು ನಿಜವಾಗಿ ಸಡಿಲಿಸಿದ್ದು ಎರಡನೇ ಮಹಾಯುದ್ಧದ ನಂತರದ ಕಾನೂನುಗಳು: ಮಕ್ಕಳ ರಕ್ಷಣೆಯ ಕಾಯ್ದೆ, ಕಾರ್ಮಿಕ ಕಾಯ್ದೆ, 1956ರ ವೇಶ್ಯಾವೃತ್ತಿ ತಡೆ ಕಾಯ್ದೆ. ಈಗ ಕಡ್ಡಾಯ ಶಿಕ್ಷಣ, ಅಂದರೆ ಒಂಬತ್ತನೇ ತರಗತಿ ಮುಗಿಸದೆ ಯಾರೂ ಮೈಕೊ ಆಗುವಂತಿಲ್ಲ. ಹುಡುಗಿಯರು ತಾವೇ ಅರ್ಜಿ ಹಾಕಿಕೊಂಡು ದೂರದೂರದ ಊರುಗಳಿಂದ ಬರುತ್ತಾರೆ.

ಹಾಗಂತ ಈಗ ಎಲ್ಲ ಚೆನ್ನ ಅಂತಲೂ ಅಲ್ಲ. ಕಲಿಕೆಯ ನಾಲ್ಕೈದು ವರ್ಷ ಮೈಕೊಗೆ ಸಂಬಳ ಇಲ್ಲ. ಊಟ, ವಸತಿ, ಪಾಠ, ಕಿಮೋನೊ ಎಲ್ಲ ಮನೆಯೊಡತಿಯದು, ಕೈಖರ್ಚಿಗೆ ಸ್ವಲ್ಪ ದುಡ್ಡು. 2022ರಲ್ಲಿ ಹಿಂದೆ ಮೈಕೊ ಆಗಿದ್ದ ಯುವತಿಯೊಬ್ಬಳು ಹದಿಹರೆಯದಲ್ಲೇ ತನಗೆ ಮದ್ಯ ಕುಡಿಸಿದ್ದನ್ನು, ಗಿರಾಕಿಗಳ ಜೊತೆ ಸ್ನಾನಕ್ಕೆ ಕರೆದದ್ದನ್ನು ಬಹಿರಂಗವಾಗಿ ಬರೆದಾಗ ಜಪಾನಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ಇನ್ನೊಂದು ಬದಿಯೂ ಇದೆ. 1997ರಲ್ಲಿ ಆರ್ಥರ್ ಗೋಲ್ಡನ್ ಬರೆದ ‘ಮೆಮೊಯರ್ಸ್ ಆಫ್ ಎ ಗೇಶಾ’ ಕಾದಂಬರಿಯನ್ನು ಲೋಕವೆಲ್ಲ ಓದಿತು. ಅವನಿಗೆ ಮಾಹಿತಿ ಕೊಟ್ಟ ಗಿಯೋನ್‌ನ ಗೇಕೊ ಮಿನೆಕೊ ಇವಸಾಕಿ, ಹೆಸರು ಗುಟ್ಟಾಗಿಡುವ ಮಾತು ಮುರಿದ, ನಮ್ಮ ಬದುಕನ್ನು ತಿರುಚಿದ ಎಂದು 2001ರಲ್ಲಿ ಕೋರ್ಟಿಗೆ ಹೋದರು. 2003ರಲ್ಲಿ ರಾಜಿಯಾಯಿತು. ನಡುವೆ ತಮ್ಮ ಕಥೆಯನ್ನು ತಾವೇ ಪುಸ್ತಕವಾಗಿ ಬರೆದರು. ಒಬ್ಬಳು ‘ನಮಗೆ ಹೀಗೆಲ್ಲ ಆಯಿತು’ ಅಂತಾಳೆ, ಇನ್ನೊಬ್ಬಳು ‘ನೀವು ಹೇಳೋ ಹಾಗೆ ಆಗಲಿಲ್ಲ’ ಅಂತಾಳೆ. ಇಬ್ಬರೂ ಕೇಳುತ್ತಿರುವುದು ಒಂದನ್ನೇ. ನಮ್ಮ ಲೆಕ್ಕ ನಾವು ಹೇಳ್ತೀವಿ, ಕೇಳಿ.

ರಾತ್ರಿ ಹೋಟೆಲಿನಲ್ಲಿ ಮಗಳಿಗೆ ಉತ್ತರ ಕೊಟ್ಟೆ. ‘ನಿನ್ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಕಣೇ. ಯಾವ ವರ್ಷದ ಹುಡುಗಿ ಅಂತ ಮೊದ್ಲು ಕೇಳ್ಬೇಕು. ಹಿಂದೆ ತುಂಬಾ ಜನಾನ ಮಾರಿದ್ರು. ಹಾಗೆ ಬಂದವರೇ ಇವತ್ತು ನೀನು ನೋಡಿದ ನೃತ್ಯಾನ ಕಟ್ಟಿದ್ದು. ಈಗ ಬರೋರು ಇಷ್ಟಪಟ್ಟು ಬರ್ತಾರೆ, ಆದ್ರೂ ಅವರಿಗೆ ಕಷ್ಟ ಆದ್ರೆ ನಾವು ನಂಬ್ಬೇಕು.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಜ್ಜಿ 1965ರ ಹುಡುಗಿ, ಅಲ್ವಾ?’ ಅಂದಳು.

ನೀವೂ ಕ್ಯೋಟೋಗೆ ಹೋಗಬಹುದು. ನಮ್ಮ ಆಫೀಸಿನಲ್ಲೇ ಈ ವರ್ಷ ಮೂವರು ಹೋಗಿಬಂದರು. ನಾವು ಬಂದ ಮೇಲೆ ಅಲ್ಲಿನ ಕೆಲವು ಗಲ್ಲಿಗಳಿಗೆ ಪ್ರವಾಸಿಗರು ಕಾಲಿಡುವಂತೆಯೇ ಇಲ್ಲ ಎಂದು ಬೋರ್ಡ್ ಹಾಕಿದ್ದಾರೆ. ಮೈಕೊಗಳ ದಾರಿಗೆ ಅಡ್ಡ ನಿಂತು, ಕಿಮೋನೊ ಎಳೆದು ಫೋಟೊ ತೆಗೆದ ನಮ್ಮಂಥವರ ಕೊಡುಗೆ ಅದು. ಬೀದಿಯಲ್ಲಿ ಕಾಣುವ ಹುಡುಗಿ ಕೆಲಸಕ್ಕೆ ಹೊರಟಿರುತ್ತಾಳೆ, ದಾರಿ ಬಿಡಿ. ಅವಳನ್ನು ಕಣ್ತುಂಬ ನೋಡುವ ಆಸೆಯಿದ್ದರೆ ಟಿಕೆಟ್ ಕೊಂಡು ನಾಟಕಶಾಲೆಯಲ್ಲಿ ಕೂತು ನೋಡಿ. ನೋಡಲಿ ಅಂತಲೇ ಅವಳು ಕುಣಿಯುವ ಜಾಗ ಅದು.

ಆ ಹುಡುಗಿಯ ಫೋಟೊ ನನ್ನ ಬಳಿ ಇಲ್ಲ. ತಟ್ಟೆ ಅಮ್ಮನ ಮನೆಯ ಷೋಕೇಸಿನಲ್ಲಿದೆ. ವಾಪಸ್ ಬಂದ ಮೇಲೆ ಮಗಳನ್ನು ಭರತನಾಟ್ಯಕ್ಕೆ ಸೇರಿಸಿದ್ದೇವೆ, ಅವಳೇ ಕೇಳಿದಳು. ಶನಿವಾರದ ಕ್ಲಾಸಿಗೆ ಅಮ್ಮನೇ ಕರೆದುಕೊಂಡು ಹೋಗುತ್ತಾಳೆ. ಮೊನ್ನೆ ಕರೆತರಲು ಸ್ವಲ್ಪ ಬೇಗ ಹೋದೆ. ಮಕ್ಕಳು ತಟ್ಟಡವು ಹಾಕುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂತ ಅಮ್ಮನ ಚಪ್ಪಲಿ ಪಕ್ಕಕ್ಕಿತ್ತು, ಪಾದ ನೆಲವನ್ನು ಮೆಲ್ಲಗೆ ತಟ್ಟುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಮೊಬೈಲ್ ಬ್ಯಾಗಿನಲ್ಲೇ ಇತ್ತು.